ಇವರು ಯಾರು ಎಂದು ಡಾಕ್ಟರ್ ಕೇಳಿದರು

ಕಂಡಕ್ಟರ್ "ಎಲ್ಲಿಗ್ರಿ ಸರ?" ಎಂದ. ನನಗೆ ಊರಿನ ಹೆಸರು ಬಾಯಿಗೆ ಬರಲಿಲ್ಲ.

ಹನ್ನೊಂದು ವರ್ಷದಿಂದ ವಾರಕ್ಕೆ ಮೂರು ದಿನ ಹೋಗಿಬರುತ್ತಿದ್ದ ಊರು ಅದು. ಅಲ್ಲಿನ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕ. ಊರಿನ ಬಸವೇಶ್ವರ ಗುಡಿ ಕಣ್ಣ ಮುಂದೆ ಬಂತು. ಬಸ್ ನಿಲ್ಲುವ ಜಾಗದ ಮಿರ್ಚಿ ಬಂಡಿ ಬಂತು. ಹೆಸರು ಬರಲಿಲ್ಲ. ಕಂಡಕ್ಟರನಿಗೆ ನನ್ನ ಗುರುತಿತ್ತು. "ನೀವು ಕುರುಗೋಡಿಗೆ ಹೋಗೋರಲ್ಲೇನ್ರಿ? ಇದು ಸಿರುಗುಪ್ಪದ ಗಾಡಿ. ಇಳೀರಿ, ಇನ್ನೂ ಬಸ್‌ಸ್ಟ್ಯಾಂಡ್ ದಾಟಿಲ್ಲ" ಎಂದು ಬಾಗಿಲು ತೆಗೆದು ಇಳಿಸಿದ.

ಇದು ಮೊದಲ ಲಕ್ಷಣ. ಹಾಗೆಂದು ಈಗ ಅನ್ನಿಸುತ್ತದೆ. ಇದಕ್ಕೂ ಮೊದಲು ಏನೇನು ಮರೆತಿದ್ದೆನೋ, ಮರೆತದ್ದರಿಂದಲೇ ಅದು ನನ್ನ ಲೆಕ್ಕಕ್ಕೆ ಸಿಗುವುದಿಲ್ಲ.

ಮನೆಗೆ ವಾಪಸ್ ಬಂದು ಲಿಂಗಪ್ಪನಿಗೆ ಹೇಳಿದೆ ಎಂದು ನನ್ನ ನೆನಪು. ಹೇಳಲೇ ಇಲ್ಲ ಎಂದು ಅವನ ನೆನಪು.

ಗಾದಿಲಿಂಗಪ್ಪ ಕುರುಗೋಡಿನವನು. ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದು ಹವಾಲ್ದಾರನಾಗಿ ನಿವೃತ್ತನಾದ. ಬಳ್ಳಾರಿಯ ಪಾರ್ವತಿನಗರದಲ್ಲಿ, ಒಂದು ಮನೆಯ ಮೇಲ್ಮಹಡಿಯಲ್ಲಿ, ನಾವಿಬ್ಬರೂ ಹದಿನಾರು ವರ್ಷದಿಂದ ಇದ್ದೇವೆ. ಅದಕ್ಕೂ ಮೊದಲು ಅವನು ರಜೆಗೆ ಬಂದಾಗ ಮಾತ್ರ ಇರುತ್ತಿದ್ದೆವು. ಓಣಿಯವರಿಗೆ ನಾವು "ಹವಾಲ್ದಾರ್ರು, ಮೇಷ್ಟ್ರು". ಲಗ್ನಪತ್ರಿಕೆ ಕೊಡುವವರು ಒಂದೇ ಲಕೋಟೆಯ ಮೇಲೆ ಇಬ್ಬರ ಹೆಸರೂ ಬರೆಯುತ್ತಾರೆ. ನೀವಿಬ್ಬರೂ ಏನಾಗಬೇಕು ಎಂದು ಯಾರೂ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಮನೆಯಲ್ಲಿ ಅವನು ನನ್ನನ್ನು ಏಕವಚನದಲ್ಲಿ ಬೈಯುತ್ತಾನೆ. ಹೊರಗೆ ಬಂದರೆ "ಬರ್ರಿ ಮೇಷ್ಟ್ರ" ಎನ್ನುತ್ತಾನೆ.

ಬಸ್ಸಿನ ಘಟನೆಯ ನಂತರ ಎರಡು ವಾರ ಹೀಗೇ ಹೋಯಿತು. ಎಡಗಾಲಿನ ಚಪ್ಪಲಿ ದಾರಿಯಲ್ಲಿ ಕಳಚಿದ್ದು ಮನೆಗೆ ಬರುವವರೆಗೆ ಗೊತ್ತಾಗಿರಲಿಲ್ಲ. ಬೋರ್ಡಿನ ಮೇಲೆ ಸೂತ್ರ ಬರೆಯುತ್ತ ಅರ್ಧಕ್ಕೆ ನಿಂತೆ, ಮಕ್ಕಳು ನಾನು ಯೋಚನೆ ಮಾಡುತ್ತಿದ್ದೇನೆ ಎಂದುಕೊಂಡು ಕಾದರು. ತಲೆನೋವು ಬೆಳಿಗ್ಗೆ ಏಳುವಾಗಲೇ ಇರುತ್ತಿತ್ತು. ಒಂದು ಭಾನುವಾರ ಲಿಂಗಪ್ಪ ಒಗ್ಗರಣಿ ಮಂಡಕ್ಕಿ ಮಾಡಿ ತಟ್ಟೆ ಮುಂದಿಟ್ಟ. ನಾನು ತಿಂದು ಕೈ ತೊಳೆದೆ. ಅವನು ತಟ್ಟೆ ನೋಡಿದ. ಬಲಗಡೆ ಖಾಲಿ. ಎಡಗಡೆಯ ಅರ್ಧ ಹಾಕಿದ್ದು ಹಾಕಿದ ಹಾಗೇ ಇತ್ತು.

"ಉಳಿದಿದ್ದು ಯಾಕ ಬಿಟ್ಟಿ?" ಎಂದ.

"ಎಲ್ಲಿ ಉಳಿದೈತಿ?" ಎಂದೆನಂತೆ.

ಅರ್ಧ ಗಂಟೆಯಲ್ಲಿ ನಾವು ಆಸ್ಪತ್ರೆಯಲ್ಲಿದ್ದೆವು. ಆಟೋ ಹತ್ತಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ನಾವು ಆಟೋದಲ್ಲಿ ಹೋಗಿರಲಿಲ್ಲ, ಕೆಳಗಿನ ಮನೆಯವರ ಕಾರಿನಲ್ಲಿ ಹೋದೆವು. ಹೀಗಿದೆ ನನ್ನ ನೆನಪು. ಇಲ್ಲಿಂದ ಮುಂದೆ ನಾನು ಬರೆಯುವುದರಲ್ಲಿ ಬಹುಪಾಲು ಬೇರೆಯವರಿಂದ ಕೇಳಿದ್ದು.

ಸಿ.ಟಿ. ಸ್ಕ್ಯಾನ್ ಆಯಿತು. ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮ ಎಂದರು. ತಲೆಬುರುಡೆಗೂ ಮೆದುಳಿಗೂ ನಡುವೆ ಹಳೆಯ ರಕ್ತ ನಿಂತಿದೆ, ಎರಡೂ ಕಡೆ, ಬಲಕ್ಕೆ ಹೆಚ್ಚು, ಮೆದುಳನ್ನು ಒತ್ತುತ್ತಿದೆ. ಎಲ್ಲಾದರೂ ಪೆಟ್ಟು ಬಿದ್ದಿತ್ತೇ ಎಂದು ಕೇಳಿದರು. ಒಂದು ತಿಂಗಳ ಹಿಂದೆ ನೀರಿನ ಟ್ಯಾಂಕ್ ನೋಡಲು ಹತ್ತಿ ಇಳಿಯುವಾಗ ಕಿಟಕಿಯ ಮೇಲಿನ ಸಜ್ಜಾ ತಲೆಗೆ ಬಡಿದಿತ್ತು. ಆಗ ಬರೀ ಒಂದು ಬುಗುಟು. ಲಿಂಗಪ್ಪ ಅದಕ್ಕೆ ಅರಿಶಿನ ಒತ್ತಿ, ಮೇಷ್ಟ್ರ ತಲೆಗಿಂತ ಸಜ್ಜಾಕ್ಕೇ ಪೆಟ್ಟು ಜಾಸ್ತಿ ಆಗಿರಬೇಕು ಎಂದು ನಕ್ಕಿದ್ದ.

ತಲೆಬುರುಡೆಯಲ್ಲಿ ತೂತು ಕೊರೆದು ರಕ್ತ ಹೊರತೆಗೆಯಬೇಕು, ಅದೇ ಮಧ್ಯಾಹ್ನ, ತಡಮಾಡುವಂತಿಲ್ಲ ಎಂದರು. ಲಿಂಗಪ್ಪ ಕೌಂಟರಿನಲ್ಲಿ ತನ್ನ ಮಾಜಿ ಸೈನಿಕರ ಆರೋಗ್ಯ ಕಾರ್ಡ್ ಇಟ್ಟ. ಅದರಲ್ಲಿ ಹೆಂಡತಿ, ಮಕ್ಕಳು, ತಂದೆತಾಯಿಯ ಹೆಸರು ಬರೆಯುವ ಜಾಗ ಇರುತ್ತದೆ. ಅವನದರಲ್ಲಿ ಎಲ್ಲ ಖಾಲಿ. ಈ ಕಾರ್ಡು ಪೇಷಂಟಿಗೆ ನಡೆಯುವುದಿಲ್ಲ ಎಂದು ಕೌಂಟರಿನಲ್ಲಿದ್ದ ಹುಡುಗಿ ಮೆತ್ತಗೆ ಹೇಳಿದಳು. ಅತಿಥಿ ಉಪನ್ಯಾಸಕರಿಗೆ ಯಾವ ಕಾರ್ಡೂ ಇಲ್ಲ. ಆಮೇಲೆ ಅವಳು ಕನ್ಸೆಂಟ್ ಫಾರ್ಮ್ ತೆಗೆದು, ರಕ್ತಸಂಬಂಧಿಗಳು ಸಹಿ ಮಾಡಬೇಕು, ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು. ನನ್ನ ರಕ್ತಸಂಬಂಧಿ ಎಂದರೆ ಒಬ್ಬ ಚಿಕ್ಕಪ್ಪನ ಮಗ, ನಾಗಪುರದಲ್ಲಿದ್ದಾನೆ.

ಲಿಂಗಪ್ಪ ಅಣ್ಣ ಎಂದು ಬರೆದು ಸಹಿ ಮಾಡಿದ.

ಆಪರೇಷನ್ ಚೆನ್ನಾಗಿ ಆಯಿತು. ಆರನೇ ದಿನ ಮನೆಗೆ ಬಂದೆ. ತಲೆಯ ಎರಡೂ ಕಡೆ ಹೊಲಿಗೆ, ಬೋಳಿಸಿದ ಕೂದಲು. ಲಿಂಗಪ್ಪ ಅಡುಗೆಮನೆಯ ಗೋಡೆಗೆ ಒಂದು ಡ್ಯೂಟಿ ಚಾರ್ಟ್ ಅಂಟಿಸಿದ. ಐದೂವರೆಗೆ ಏಳುವುದು, ಆರಕ್ಕೆ ಮಾತ್ರೆ, ಆರೂಕಾಲಿಗೆ ಟೆರೇಸಿನ ಮೇಲೆ ಇಪ್ಪತ್ತು ಸುತ್ತು. ಸುತ್ತು ಎಣಿಸುವುದು ನನ್ನ ಕೆಲಸ. ಸಂಖ್ಯಾಶಾಸ್ತ್ರ ಓದಿದವನಿಗೆ ಇಪ್ಪತ್ತರವರೆಗೆ ಎಣಿಸಲು ಬರುತ್ತಿರಲಿಲ್ಲ. ಹದಿಮೂರು ಆದಮೇಲೆ ಮತ್ತೆ ಹತ್ತು ಎನ್ನುತ್ತಿದ್ದೆ. ಅವನು ತಿದ್ದುತ್ತಿರಲಿಲ್ಲ, ಸುಮ್ಮನೆ ಜೊತೆಗೆ ನಡೆಯುತ್ತಿದ್ದ. ನಾನು ಇಪ್ಪತ್ತು ಎನ್ನುವಷ್ಟರಲ್ಲಿ ಇಪ್ಪತ್ತನಾಲ್ಕು ಸುತ್ತು ಆಗಿರುತ್ತಿತ್ತು.

ನನಗೆ ಹೆದರಿಕೆಯಾಗಿದ್ದು ಮರೆವಿನ ಬಗ್ಗೆ ಅಲ್ಲ. ಮರೆತದ್ದು ಕಾಣಿಸುತ್ತದೆ, ಅಲ್ಲಿ ಖಾಲಿ ಇರುತ್ತದೆ. ಆಗದೇ ಇರುವುದು ಆದ ಹಾಗೆ ನೆನಪಿಗೆ ಬಂದರೆ ಏನು ಮಾಡುವುದು? ಆ ಆಟೋ ಇತ್ತಲ್ಲ, ಅದರ ಡ್ರೈವರನ ಕುತ್ತಿಗೆಯ ಮೇಲಿನ ಕೆಂಪು ಟವೆಲ್ ಸಹ ನನಗೆ ಕಾಣುತ್ತದೆ. ಜೀವನವಿಡೀ ಮಕ್ಕಳಿಗೆ ಹೇಳಿಕೊಂಡು ಬಂದವನು ನಾನು, ಖಚಿತ ಅನ್ನಿಸುವುದಕ್ಕೂ ಖಚಿತವಾಗಿರುವುದಕ್ಕೂ ಸಂಬಂಧವಿಲ್ಲ ಎಂದು. ಅದು ಪಾಠವಾಗಿದ್ದಾಗ ಸುಲಭವಾಗಿತ್ತು.

ಮೂರನೇ ವಾರ ಲಿಂಗಪ್ಪ ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿನಿಂದ ಒಂದು ಫಾರ್ಮ್ ತಂದು ಮೇಜಿನ ಮೇಲಿಟ್ಟ. ಕಾರ್ಡಿಗೆ ಸಂಗಾತಿಯ ಹೆಸರು ಸೇರಿಸುವ ಅರ್ಜಿ. ನಾನು ಅದನ್ನು ಎರಡು ಸಲ ಓದಿದೆ. ನನ್ನ ಮೆದುಳು ತಪ್ಪಾಗಿ ಓದುತ್ತಿದೆಯೇನೋ ಎಂದು ಮೂರನೇ ಸಲ ಬೆರಳಿಟ್ಟು ಓದಿದೆ.

ಇದು ಆಗುವುದಿಲ್ಲ ಎಂದೆ. ನಮ್ಮಂಥವರ ಮದುವೆಗೆ ಈ ದೇಶದಲ್ಲಿ ಕಾನೂನಿನ ಮಾನ್ಯತೆ ಇಲ್ಲ. ಬೇರೆ ಕೆಲವು ದೇಶಗಳಲ್ಲಿ ಮಾಜಿ ಸೈನಿಕರ ಸಂಗಾತಿ ಗಂಡಾಗಲಿ ಹೆಣ್ಣಾಗಲಿ ಸೌಲಭ್ಯ ಸಿಗುತ್ತದೆ ಎಂದು ಓದಿದ್ದೆ, ಅದನ್ನೂ ಹೇಳಿದೆ, ಆದರೆ ನಾವಿರುವುದು ಬಳ್ಳಾರಿಯಲ್ಲಿ ಎಂದೆ. ಅವನು ಕೇಳಿಸಿಕೊಂಡ. ಪಾಲಿಕ್ಲಿನಿಕ್ಕಿನಲ್ಲಿ ತನ್ನ ಜೊತೆಯವರ ಹೆಂಡಂದಿರು ಚೀಟಿ ಹಿಡಿದು ಬಂದು ಮಾತ್ರೆ ತೆಗೆದುಕೊಂಡು ಹೋಗುವುದನ್ನು ಇಷ್ಟು ವರ್ಷ ನೋಡಿದ್ದೇನೆ ಎಂದ. ಗಡಿಯಲ್ಲಿ ಅವರ ಗಂಡಂದಿರು ನಿಂತಷ್ಟೇ ಹೊತ್ತು ತಾನೂ ನಿಂತಿದ್ದೆ ಎಂದ. ಆಮೇಲೆ ಹೇಳಿದ:

"ನಾಳೆ ನಾ ಮೊದಲು ಹೋದ್ರ, ನನ್ನ ಪಿಂಚಣಿ ನನ್ನ ಜೋಡಿನಽ ಸುಟ್ಟುಹೋಗತೈತಿ. ನೀ ಈ ತಲಿ ಇಟ್ಗೊಂಡು ಯಾರ ಕೌಂಟರಿನಾಗ ನಿಂದರ್ತಿ?"

ನಾನು ಫಾರ್ಮ್ ಮತ್ತೆ ಕೈಗೆತ್ತಿಕೊಂಡೆ. ಕಾಗದಪತ್ರ ಹೊಂದಿಸೋಣ ಎಂದೆ. ಚಿಕಿತ್ಸೆಯ ದಾಖಲೆ ಬೇಕು ಎಂದು ಫಾರ್ಮಿನಲ್ಲಿತ್ತು. ಹಾಗಾಗಿ ಆಸ್ಪತ್ರೆಯ ಕವರ್ ತೆಗೆದು ಡಿಸ್ಚಾರ್ಜ್ ಸಮ್ಮರಿಯನ್ನು ನಾನು ಮೊದಲ ಬಾರಿ ಓದಿದೆ. ಇಂಗ್ಲಿಷಿನಲ್ಲಿ ಎರಡು ಪುಟ. ದಾಖಲಾದಾಗ ಪೇಷಂಟ್ ಇಂಥ ಸ್ಥಿತಿಯಲ್ಲಿದ್ದ ಎಂಬ ಭಾಗದಲ್ಲಿ ಒಂದು ಸಾಲು ಇತ್ತು. ಕನ್ನಡದಲ್ಲಿ ಹೇಳಿದರೆ ಹೀಗೆ:

ವ್ಯಕ್ತಿಗಳನ್ನು ಗುರುತಿಸುವಲ್ಲಿ ಗೊಂದಲ. ಅಣ್ಣನನ್ನು ತನ್ನ ಗಂಡ ಎನ್ನುತ್ತಾರೆ.

ನಾನು ಕಾಗದವನ್ನು ಲಿಂಗಪ್ಪನ ಕಡೆ ತಿರುಗಿಸಿದೆ. ಅವನು ಓದಲಿಲ್ಲ. ಅವನಿಗೆ ಅದು ಗೊತ್ತಿತ್ತು.

ಸ್ವಲ್ಪ ಸ್ವಲ್ಪವಾಗಿ ಹೇಳಿದ. ಆಪರೇಷನ್ನಿಗೆ ಮುಂಚೆ ಡಾಕ್ಟರ್ ಬಂದು ನನ್ನನ್ನು ನಾಲ್ಕು ಪ್ರಶ್ನೆ ಕೇಳಿದರು. ಇವತ್ತು ಯಾವ ವಾರ? ನಾನು ಗುರುವಾರ ಎಂದೆ, ಅದು ಭಾನುವಾರ. ಇದು ಯಾವ ಜಾಗ? ಕಾಲೇಜು ಎಂದೆ. ಯಾವ ಇಸವಿ? ಇಪ್ಪತ್ತು ವರ್ಷ ಹಿಂದಿನದು ಹೇಳಿದೆ. ಆಮೇಲೆ ಪಕ್ಕದಲ್ಲಿದ್ದ ಲಿಂಗಪ್ಪನನ್ನು ತೋರಿಸಿ, ಇವರು ಯಾರು ಎಂದರು. ನಾನು ತಡವರಿಸದೆ, ಕ್ಲಾಸಿನಲ್ಲಿ ಹೇಳುವ ಗಟ್ಟಿ ದನಿಯಲ್ಲಿ, "ನನ್ನ ಗಂಡ" ಎಂದೆ. ಅಷ್ಟು ಹೊತ್ತಿಗೆ ಸುದ್ದಿ ತಿಳಿದು ಕುರುಗೋಡಿನಿಂದ ಲಿಂಗಪ್ಪನ ಅಣ್ಣ ಚನ್ನಬಸಪ್ಪ ಬಂದಿದ್ದರು, ಮಂಚದ ಆಚೆ ನಿಂತಿದ್ದರು. "ಪಾಪ, ತಲಿಯಾಗ ರಕ್ತ ಕಟ್ಟೇತಿ, ಏನಂತಾನ ಅವಂಗ ಗೊತ್ತಿಲ್ಲ" ಎಂದರಂತೆ. ಡಾಕ್ಟರ್ ಲಿಂಗಪ್ಪನ ಮುಖ ನೋಡಿ, ನೀವು ಅಣ್ಣ ಅಲ್ಲವೇ ಎಂದರು.

"ನೀ ಏನಂದಿ?" ಎಂದು ಕೇಳಿದೆ.

"ಹೌದ್ರಿ ಅಂದೆ."

ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ನಾವು ಹೊರಗೆ ಆಡದ ಮಾತನ್ನು ನಾನು ಆಡಿದ್ದೆ. ಅದು ನನಗೆ ನೆನಪಿಲ್ಲ. ಆಡಿದ ಮಾತು ರೋಗದ ಲಕ್ಷಣವಾಗಿ ದಾಖಲಾಗಿತ್ತು. ನನಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು. ಎಲ್ಲ ಮಾತ್ರೆಯ ಪರಿಣಾಮವೇನೋ ಎಂದೂ ಅನ್ನಿಸಿತು. ನೀನು ಯಾಕೆ ಸುಮ್ಮನಿದ್ದೆ ಎಂದು ನಾನು ಆ ದಿನವಿಡೀ ಬೇರೆಬೇರೆ ರೀತಿಯಲ್ಲಿ ಕೇಳಿದೆ. ಸಂಜೆ ಅವನು ಅಕ್ಕಿ ತೊಳೆಯುತ್ತಿದ್ದವನು ಪಾತ್ರೆ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಲೇ ಸುಧಾಕರ, ನಿನ್ನ ತಲಿ ಕೊರಿಯಾಕ ಮಷಿನ್ ರೆಡಿ ಮಾಡಿಕ್ಯಂಡಿದ್ರು. ನಾ ಅಣ್ಣ ಅಲ್ರಿ ಅಂದಿದ್ರ ಸಹಿ ಯಾರು ಮಾಡಬೇಕಿತ್ತು? ನಾಗಪುರದಾಂವನ ಕಾಯಬೇಕಿತ್ತೇನು?"

ಮತ್ತೆ ಪಾತ್ರೆ ಎತ್ತಿಕೊಂಡ. ನೀರು ಬಸಿದ. ಅವನು ಹೇಳಿದ್ದು ಸರಿ. ನನ್ನ ಸಿಟ್ಟೂ ಸರಿ. ಎರಡೂ ಸರಿಯಿದ್ದಾಗ ಏನು ಮಾಡಬೇಕೆಂದು ನನ್ನ ವಿದ್ಯೆಯಲ್ಲಿ ಇರಲಿಲ್ಲ.

ಫಾರ್ಮ್ ಮೇಜಿನ ಮೇಲೇ ಇತ್ತು. ಅದರಲ್ಲಿ ಮದುವೆಯ ದಿನ, ಸ್ಥಳ, ಸಾಕ್ಷಿಯ ಹೆಸರು ಕೇಳಿದ್ದರು. ಖಾಲಿ ಬಿಡೋಣ ಎಂದ ಲಿಂಗಪ್ಪ. ನಾನು ಬೇಡ ಎಂದೆ. ಯಾಕೆಂದರೆ ನನಗೆ ಒಂದು ನೆನಪಿತ್ತು. ಎಂಟು ವರ್ಷದ ಹಿಂದೆ ಸಿರುಗುಪ್ಪದಲ್ಲಿ ಲಿಂಗಪ್ಪನ ಅಕ್ಕ ಶರಣಮ್ಮನ ಮಗಳ ಲಗ್ನ. ಅಕ್ಕಿಕಾಳು ಹಾಕುವ ಹೊತ್ತು. ಎಲ್ಲರೂ ಮದುಮಕ್ಕಳ ಕಡೆ ಕಾಳು ಎಸೆಯುತ್ತಿದ್ದರೆ ಶರಣಮ್ಮ ಮಾತ್ರ ಹಿಂದೆ ತಿರುಗಿ, ಕೊನೆಯಲ್ಲಿ ನಿಂತಿದ್ದ ನಮ್ಮಿಬ್ಬರ ತಲೆಯ ಮೇಲೆ ತನ್ನ ಮುಷ್ಟಿ ತೆರೆದಳು. ಹಳದಿ ಅಕ್ಕಿ. ಒಂದು ಕಾಳು ನನ್ನ ಕನ್ನಡಕಕ್ಕೆ ಅಂಟಿಕೊಂಡಿತ್ತು. ಎಂಟು ವರ್ಷ ನಾನು ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ಲಿಂಗಪ್ಪನಿಗೆ ಅದು ನೆನಪಿರಲಿಲ್ಲ. ಅವತ್ತು ತಾನು ಊಟದ ಪಂಕ್ತಿಯಲ್ಲಿ ಬದನೆಕಾಯಿ ಪಲ್ಯದ ಬಕೆಟ್ ಹಿಡಿದಿದ್ದೆ, ಅಕ್ಕಿಕಾಳಿನ ಹೊತ್ತಿಗೆ ಚಪ್ಪರದಲ್ಲೇ ಇರಲಿಲ್ಲ ಎಂದ. ನಾನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದೆ. ಆಟೋ ಡ್ರೈವರನ ಕೆಂಪು ಟವೆಲ್ ಎಷ್ಟು ಸ್ಪಷ್ಟವಾಗಿತ್ತೋ ಕನ್ನಡಕದ ಮೇಲಿನ ಕಾಳೂ ಅಷ್ಟೇ ಸ್ಪಷ್ಟವಾಗಿತ್ತು. ಇದು ಎಂಟು ವರ್ಷದ ಹಳೆಯ ನೆನಪೋ, ಹೋದ ತಿಂಗಳು ಆ ರಕ್ತ ಕಟ್ಟಿದ ಕಥೆಯೋ? ಅರ್ಜಿಯ ಕೊನೆಯಲ್ಲಿ, ಮೇಲೆ ಬರೆದದ್ದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ನಿಜ ಎಂದು ಸಹಿ ಮಾಡಬೇಕು. ನಮ್ಮ ಅರ್ಜಿ ತಿರಸ್ಕಾರವಾಗುವುದಾದರೆ ಕಾನೂನಿನ ಕಾರಣಕ್ಕೆ ಆಗಲಿ. ನಾವು ಸುಳ್ಳು ಬರೆದೆವೆಂದು ಆಗಬಾರದು. ಹಾಗೆಂದು ಹಟ ಹಿಡಿದೆ.

ಒಂದು ಬೆಳಿಗ್ಗೆ ಇಬ್ಬರೂ ಸಿರುಗುಪ್ಪದ ಬಸ್ ಹತ್ತಿದೆವು. ತಲೆಗೆ ಮಫ್ಲರ್ ಸುತ್ತಿಕೊಂಡಿದ್ದೆ. ಎರಡೂ ಬದಿ ಗದ್ದೆ, ಹಸಿರು. ಲಿಂಗಪ್ಪ ಕಿಟಕಿಯ ಸೀಟು ನನಗೆ ಬಿಟ್ಟು, ಬಸ್ ಕುಲುಕಿದಾಗಲೆಲ್ಲ ನನ್ನ ತಲೆಗೂ ಕಂಬಿಗೂ ನಡುವೆ ಅಂಗೈ ಇಡುತ್ತಿದ್ದ.

ಶರಣಮ್ಮನಿಗೆ ಎಪ್ಪತ್ತರ ಹತ್ತಿರ. ಗಂಡ ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು, ಮಗಳ ಲಗ್ನಕ್ಕೆ ಮುಂಚೆಯೇ ತೀರಿಕೊಂಡಿದ್ದರು. ಅವಳು ಮೊದಲು ನನ್ನ ಮಫ್ಲರ್ ತೆಗೆಸಿ ಎರಡೂ ಕಡೆಯ ಹೊಲಿಗೆ ನೋಡಿದಳು. "ಚಲೋ ಹೊಲದಾರ. ನಮ್ಮ ಟೇಲರ್ ಇಷ್ಟು ನೀಟಾಗಿ ಹೊಲಿಯಂಗಿಲ್ಲ" ಎಂದಳು. ಚಹಾ ಬಂತು. ನಾನು ದಾರಿಯಲ್ಲಿ ಪ್ರಶ್ನೆಯನ್ನು ತಯಾರು ಮಾಡಿಕೊಂಡಿದ್ದೆ. ಉತ್ತರ ಇಂಥದೇ ಇರಲಿ ಎಂಬ ಸೂಚನೆ ಪ್ರಶ್ನೆಯಲ್ಲಿ ಇರಬಾರದು. ಮಗಳ ಲಗ್ನದಲ್ಲಿ ಅಕ್ಕಿಕಾಳಿನ ಹೊತ್ತಿಗೆ ನೀವು ಎಲ್ಲಿ ನಿಂತಿದ್ದಿರಿ ಎಂದು ಕೇಳಿದೆ.

"ಅಡಗಿಮನಿ ಬಾಗಲದಾಗ," ಎಂದಳು. "ಗಂಡ ಇಲ್ಲದಾಕಿ ನಾನು. ಚಪ್ಪರಕ್ಕ ಬರಾಕ ಬಿಡ್ತಾರೇನಪ? ಅಕ್ಕಿಕಾಳು ನನ್ನ ಕೈಗೆ ಯಾರೂ ಕೊಡಲೂ ಇಲ್ಲ, ನಾ ಹಾಕಲೂ ಇಲ್ಲ."

ನನ್ನ ನೆನಪು ಅಲ್ಲಿಗೆ ಮುಗಿಯಿತು.

ಅದು ನನಗೆ ತಿಳಿದಿರಬೇಕಿತ್ತು. ಈ ಊರುಗಳಲ್ಲೇ ಹುಟ್ಟಿ ಬೆಳೆದವನು ನಾನು. ಸತ್ಯನಾರಾಯಣಪೇಟೆಯಲ್ಲಿ ನಮ್ಮ ಅವ್ವ ಹದಿನೈದು ವರ್ಷ ಯಾವ ಚಪ್ಪರದೊಳಗೂ ಹೋಗದೆ ಬಾಗಿಲಲ್ಲಿ ನಿಂತದ್ದನ್ನು ಕಂಡವನು. ಆದರೂ ನನ್ನ ಮೆದುಳು ಒಬ್ಬ ವಿಧವೆಯ ಕೈಗೆ ಅಕ್ಕಿಕಾಳು ಕೊಟ್ಟು, ತನಗೆ ಬೇಕಾದ ಕಡೆ ಎಸೆಯಿಸಿ, ನನಗೆ ತೋರಿಸಿತ್ತು. ನಾನು ಚಹಾ ಕೆಳಗಿಟ್ಟೆ. ಹೊರಡೋಣ ಎಂದು ಲಿಂಗಪ್ಪನಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವನೇ ತನ್ನ ಅಕ್ಕನಿಗೆ ಫಾರ್ಮಿನ ವಿಷಯ, ಆಸ್ಪತ್ರೆಯ ವಿಷಯ, ನಾನು ಹೇಳಿದ್ದು, ತಾನು ಹೇಳದ್ದು ಎಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಹೇಳುವಾಗ ಅವಳ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದ.

ಶರಣಮ್ಮ ಚಹಾದ ಕಪ್ಪುಗಳನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಕ್ಕಿಕಾಳು ಬಿಡು. ಮರುದಿನದ ಆಯೇರಿ ನೆನಪಿಲ್ಲೇನು ನಿನಗ?"

ಲಗ್ನದ ಮರುದಿನ ಮನೆಯವರು ಬಂಧುಗಳಿಗೆ ಬಟ್ಟೆ ಕೊಡುವುದಕ್ಕೆ ಆಯೇರಿ ಎನ್ನುತ್ತೇವೆ. ಗಂಡಹೆಂಡತಿಯನ್ನು ಒಂದೇ ಕಂಬಳಿಯ ಮೇಲೆ ಜೋಡಿಯಾಗಿ ಕೂರಿಸಿ, ಕುಂಕುಮ ಹಚ್ಚಿ, ಇಬ್ಬರ ಬಟ್ಟೆಯನ್ನೂ ಒಟ್ಟಿಗೆ ಮಡಿಲಿಗೆ ಇಡುತ್ತಾರೆ. ಒಂಟಿ ಗಂಡಸರಿಗೆ ನಿಂತಲ್ಲೇ ಹೆಗಲಿಗೊಂದು ಟವೆಲ್ ಹಾಕಿ ಕಳಿಸುತ್ತಾರೆ. ಇದು ನನಗೆ ಗೊತ್ತು. ಅವತ್ತಿನ ಆಯೇರಿ ಮಾತ್ರ ನೆನಪಿರಲಿಲ್ಲ. ಅಲ್ಲಿ ಪೂರ್ತಿ ಖಾಲಿ.

"ನಾನಽ ನಿಮ್ಮಿಬ್ರನ್ನ ಕಂಬಳಿ ಮ್ಯಾಲ ಕೂಡಿಸಿದೆ," ಎಂದಳು ಶರಣಮ್ಮ. "ಕುಂಕುಮ ನಮ್ಮ ಮೈದುನನ ಹೆಂಡ್ತಿ ಹಚ್ಚಿದಳು. ಟವೆಲ್ ಕೊಡಾಕ ಹೊಂಟಿದ್ರು, ನಾ ಬ್ಯಾಡ ಅಂದೆ. ನೀ ಎಡಕ್ಕ ಕೂಡಪ ಅಂದ್ರ, ನಾನಽ ಯಾಕ ಎಡಕ್ಕ, ಅದಕ್ಕೇನು ಆಧಾರ ಐತಿ ಅಂತ ಸುರು ಮಾಡಿದಿ. ಹಿಂದ ಆರು ಜೋಡಿ ನಿಂತಾವು. ಅನ್ನ ಆರಾಕ ಹತ್ತೇತಿ. ನಿನ್ನ ವಾದ ಮುಗೀವಲ್ದು. ಕಡೀಗೆ ಇವನ್ನಽ ಎಡಕ್ಕ ಎಳಿದು ಕೂಡಿಸಿದೆ."

ಲಿಂಗಪ್ಪ ತಲೆ ಎತ್ತಿದ.

"ಕೆಳಗ ಕುಂತಾಗ ಮಂಡಿ ಭಾಳ ನೋಯ್ತಿತ್ತು. ಅದು ನೆನಪೈತಿ," ಎಂದ.

ಶರಣಮ್ಮ ನನ್ನ ಮೇಲಿನ ಪ್ರೀತಿಗೆ ಕಟ್ಟಿ ಹೇಳಿರಬಹುದು. ಆ ಸಾಧ್ಯತೆಯನ್ನು ನಾನು ಈಗಲೂ ಬಿಟ್ಟಿಲ್ಲ. ಆದರೆ ಅದಕ್ಕೇನು ಆಧಾರ ಎಂದು ಊಟಕ್ಕೆ ಕಾದವರ ಮುಂದೆ ಕೇಳಿದ ಮನುಷ್ಯ ನಾನೇ. ಅದನ್ನು ಬೇರೆ ಯಾರೂ ನನಗೋಸ್ಕರ ಕಲ್ಪಿಸಲಾರರು. ನನಗೆ ಬೇಕಾದಂತೆ ಇದ್ದ ನೆನಪು ಸುಳ್ಳಾಗಿತ್ತು. ನಾನು ಪೆದ್ದನಾಗಿ ಕಾಣುವ, ನನಗೆ ನೆನಪೇ ಇಲ್ಲದ ಘಟನೆ ನಿಜವಾಗಿತ್ತು. ಕಂಬಳಿಯ ಮೇಲೆ ಕೂತಿದ್ದಾಗ ನನಗೆ ಏನು ಅನ್ನಿಸಿತ್ತು? ಅದು ಇನ್ನು ತಿಳಿಯುವುದಿಲ್ಲ.

ಸಾಕ್ಷಿಯಾಗಿ ಸಹಿ ಹಾಕುತ್ತೀರಾ ಎಂದು ಕೇಳಿದೆ. ಕುರುಗೋಡಿನ ಅಣ್ಣ ಬೇಸರ ಮಾಡಿಕೊಂಡರೆ ಎಂದೂ ಕೇಳಿದೆ.

"ಚನ್ನಬಸಪ್ಪ ಅವತ್ತು ಹೆಂಡ್ತಿ ಜೋಡಿ ನಿಮ್ಮ ಹಿಂದಽ ನಿಂತಿದ್ದ, ಕಂಬಳಿ ಯಾವಾಗ ಖಾಲಿ ಆಗತೈತಿ ಅಂತ," ಎಂದಳು. "ಅವನ ತಲಿಯಾಗೂ ರಕ್ತ ಕಟ್ಟೇತೇನು, ಮರಿಯಾಕ?"

ಪೆನ್ನು ಇಸಿದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಸ್ವಸಹಾಯ ಸಂಘದಲ್ಲಿ ಕಲಿತ ಸಹಿ ಅದು.

ಮರುವಾರ ಫಾಲೋಅಪ್ ಇತ್ತು. ಮತ್ತೆ ಸಿ.ಟಿ. ಮಾಡಿದರು. ರಕ್ತ ಬಹುಪಾಲು ಹೋಗಿದೆ, ಬಲಗಡೆ ತೆಳುವಾಗಿ ಸ್ವಲ್ಪ ಉಳಿದಿದೆ, ಕಾದು ನೋಡೋಣ ಎಂದರು ಡಾಕ್ಟರ್. ಮೂವತ್ತು ದಾಟಿರದ ಹೆಣ್ಣುಮಗಳು, ಅವತ್ತು ನಾಲ್ಕು ಪ್ರಶ್ನೆ ಕೇಳಿದವರೂ ಇವರೇ. ನಾನು ಡಿಸ್ಚಾರ್ಜ್ ಸಮ್ಮರಿಯನ್ನು ಅವರ ಮುಂದಿಟ್ಟು ಆ ಸಾಲಿನ ಕೆಳಗೆ ಬೆರಳಿಟ್ಟೆ. ಇದನ್ನು ತಿದ್ದಬೇಕಿತ್ತು ಎಂದೆ.

ಅವರು ಓದಿದರು. ಆ ಹೊತ್ತಿನಲ್ಲಿ ಪೇಷಂಟ್ ಹೇಗಿದ್ದರೋ ಹಾಗೆ ಬರೆದಿರುತ್ತೇವೆ, ಬೇಸರ ಮಾಡಿಕೊಳ್ಳಬೇಡಿ, ಎಷ್ಟೋ ಜನ ಮಗನನ್ನು ಅಪ್ಪ ಎನ್ನುತ್ತಾರೆ ಎಂದು ಸಮಾಧಾನ ಹೇಳಿದರು. ನಾನು ವಿವರಿಸಲು ಹೊರಟೆ. ಮಾತು ತೊಡರಿತು. ಈಗಲೂ ಆಯಾಸವಾದಾಗ ಹಾಗಾಗುತ್ತದೆ, ಬೇಕಾದ ಪದ ಬಾಗಿಲವರೆಗೆ ಬಂದು ನಿಲ್ಲುತ್ತದೆ. ಡಾಕ್ಟರ್ ಮುಖದಲ್ಲಿ ಆತಂಕ ಕಂಡಿತು. ಪೆನ್ ಎತ್ತಿಕೊಂಡರು. ಗೊಂದಲ ಮುಂದುವರಿದಿದೆ ಎಂದು ಬರೆಯುತ್ತಾರೆ ಎಂದು ನನಗೆ ಅನ್ನಿಸಿತು. ಆ ಕ್ಷಣದಲ್ಲಿ ನನ್ನ ಪರವಾಗಿ ನಾನೇ ಸಾಕ್ಷಿ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಗೋಡೆಯ ಹತ್ತಿರ ಕೂತಿದ್ದ ಲಿಂಗಪ್ಪ ಎದ್ದು ನಿಂತ. ಸಾಹೇಬರ ಮುಂದೆ ನಿಂತ ಹಾಗೆ, ಕೈ ಎರಡೂ ಪಕ್ಕಕ್ಕೆ.

"ಮೇಡಂ, ಅವ್ರು ಖರೇನಽ ಹೇಳಿದ್ರು. ಸುಳ್ಳು ಬರಿಸಿದಾಂವ ನಾನು. ನಾ ಅವರ ಅಣ್ಣ ಅಲ್ರಿ. ಗಂಡ ಅದೀನಿ."

ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿ ಯಾರ ಮುಂದೆಯೂ ಹೇಳದೆ, ಮನೆಯಲ್ಲೂ ಹಗುರಾಗಿ ಎಂದೂ ಆಡದೆ ಇಟ್ಟ ಮಾತು. ಹೊರಗೆ ಸಾಲಿನಲ್ಲಿ ಕೂತವರಿಗೂ ಕೇಳಿಸಿರಬೇಕು, ಬಾಗಿಲು ಅರ್ಧ ತೆರೆದೇ ಇತ್ತು.

ಡಾಕ್ಟರ್ ಅವನನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಕಾಗದ ನೋಡಿದರು.

"ಹಾಗಾದರೆ ಅವತ್ತು ನಾಲ್ಕರಲ್ಲಿ ಒಂದಕ್ಕೆ ಸರಿಯಾಗಿ ಉತ್ತರ ಹೇಳಿದ್ದಾರೆ," ಎಂದರು.

ನನ್ನ ಕ್ಲಾಸಿನಲ್ಲಾದರೆ ಅದು ಫೇಲ್ ಎಂದೆ. ಅವರು ನಕ್ಕರು. ನಕ್ಕ ಮೇಲೆ ಗಂಭೀರವಾದರು. ಕನ್ಸೆಂಟ್ ಫಾರ್ಮ್ ಮುಟ್ಟುವ ಹಾಗಿಲ್ಲ, ಅದು ಹಾಗೇ ಇರುತ್ತದೆ, ಅದರ ಬಗ್ಗೆ ತಾನು ಮೇಲಿನವರಿಗೆ ಹೇಳಬೇಕಾಗುತ್ತದೆ ಎಂದರು. ಲಿಂಗಪ್ಪ ಹೇಳ್ರಿ ಎಂದ. ಆಮೇಲೆ ಅವರು ಸಮ್ಮರಿಗೆ ಸೇರಿಸುವ ಹಾಗೆ ಎರಡು ಸಾಲು ಬರೆದು ಸೀಲು ಹಾಕಿ ಕೊಟ್ಟರು. ದಾಖಲಾಗುವಾಗ ಪೇಷಂಟ್ ತಮ್ಮ ಜೊತೆಗಿದ್ದವರನ್ನು ಸರಿಯಾಗಿ ಗುರುತಿಸಿದ್ದರು, ಹಿಂದಿನ ನಮೂದು ತಪ್ಪು ಮಾಹಿತಿಯಿಂದ ಆಗಿತ್ತು ಎಂದು. ಗಂಡ ಎಂಬ ಪದ ಅವರು ಬರೆಯಲಿಲ್ಲ. ನಾನು ಕೇಳಲೂ ಇಲ್ಲ. ಅವರಿಗೆ ಎಷ್ಟು ಬರೆಯಲು ಸಾಧ್ಯವೋ ಅಷ್ಟು ಬರೆದಿದ್ದರು.

ಅರ್ಜಿ ಕೊಡಲು ಪಾಲಿಕ್ಲಿನಿಕ್ಕಿಗೆ ಹೋದ ದಿನ ಕೌಂಟರಿನಲ್ಲಿ ಖಾಜಾ ಸಾಬ್ ಇದ್ದರು, ಲಿಂಗಪ್ಪನಿಗಿಂತ ಮೊದಲೇ ನಾಯಕ್ ಹುದ್ದೆಯಿಂದ ನಿವೃತ್ತರಾದವರು. ಕನ್ನಡಕ ಹಣೆಗೆ ಏರಿಸಿ, ಇಳಿಸಿ, ಎರಡು ಸಲ ಓದಿದರು. ಸಂಗಾತಿಯ ಹೆಸರು, ಸುಧಾಕರ. ಲಿಂಗ, ಪುರುಷ. ಮದುವೆಯ ಸ್ಥಳ, ಸಿರುಗುಪ್ಪ. ವಿಧಾನ ಎಂಬಲ್ಲಿ ನಾನು ಬರೆದಿದ್ದೆ: ಮನೆಯ ಹಿರಿಯರು ಜೋಡಿಯಾಗಿ ಕೂರಿಸಿ ಆಯೇರಿ ಮಾಡಿದ್ದು, ಅರ್ಜಿದಾರರ ಅಕ್ಕನ ಹೇಳಿಕೆಯಂತೆ. ನನ್ನ ನೆನಪಿನಂತೆ ಎಂದು ಬರೆಯಲು ಕೈ ಬಂದಿರಲಿಲ್ಲ.

ಖಾಜಾ ಸಾಬ್ ಸುತ್ತ ನೋಡಿ ದನಿ ತಗ್ಗಿಸಿದರು.

"ಹವಾಲ್ದಾರ್ ಸಾಬ್, ಇದು ವಾಪಸ್ ಬರ್ತೈತ್ರಿ. ಇದಕ್ಕ ರೂಲ್ ಇಲ್ಲ."

"ಬರ್ಲಿ ಬಿಡ್ರಿ," ಎಂದ ಲಿಂಗಪ್ಪ. "ವಾಪಸ್ ಬರಾಕಾದ್ರೂ ಒಮ್ಮಿ ಹೋಗಬೇಕಲ್ಲ."

ಖಾಜಾ ಸಾಬ್ ಇನ್ನೊಂದು ಕ್ಷಣ ಕಾಗದ ಹಿಡಿದುಕೊಂಡೇ ಇದ್ದರು. ಆಮೇಲೆ ಇನ್‌ವರ್ಡ್ ಸೀಲು ಒತ್ತಿದರು. ನಮ್ಮ ಪ್ರತಿಯ ಮೇಲೂ ಒತ್ತಿ, ಶಾಯಿ ಒಣಗುವವರೆಗೆ ಊದಿ ಕೊಟ್ಟರು.

ಇದಾಗಿ ಎರಡು ತಿಂಗಳು. ಉತ್ತರ ಬಂದಿಲ್ಲ. ಬಂದರೆ ಏನಿರುತ್ತದೆ ಎಂದು ನನಗೆ ಗೊತ್ತು, ಲಿಂಗಪ್ಪನಿಗೂ ಗೊತ್ತು. ಆದರೂ ಪೋಸ್ಟ್‌ಮನ್ ಬರುವ ಹೊತ್ತಿಗೆ ಅವನು ಏನಾದರೊಂದು ನೆಪ ತೆಗೆದು ಕೆಳಗಿಳಿಯುತ್ತಾನೆ. ಚನ್ನಬಸಪ್ಪನವರು ಬಂದಿಲ್ಲ, ಆದರೆ ಹೋದ ವಾರ ಹೊಲದ ಸಜ್ಜೆ ಕಳಿಸಿದ್ದಾರೆ, ಚೀಲದ ಮೇಲೆ ಇಬ್ಬರ ಹೆಸರೂ ಇತ್ತು. ಅದಕ್ಕೆ ಅರ್ಥ ಹಚ್ಚುವ ಧೈರ್ಯ ನನಗಿಲ್ಲ. ಕಾಲೇಜಿಗೆ ವಾರಕ್ಕೆ ಒಂದು ದಿನ ಹೋಗುತ್ತೇನೆ. ಮಕ್ಕಳು ನಿಧಾನವಾಗಿ ಪ್ರಶ್ನೆ ಕೇಳುತ್ತಾರೆ.

ಬಲಗಡೆ ಉಳಿದಿರುವುದು ಮತ್ತೆ ಹೆಚ್ಚಾಗಬಹುದು ಎಂದಿದ್ದಾರೆ. ಹಾಗಾದರೆ ಮತ್ತೆ ಆಸ್ಪತ್ರೆ, ಮತ್ತೆ ಕೌಂಟರು, ಮತ್ತೆ ಯಾರೋ ಫಾರ್ಮ್ ಮುಂದಿಟ್ಟು ನೀವು ಇವರಿಗೆ ಏನಾಗಬೇಕು ಎಂದು ಕೇಳುತ್ತಾರೆ. ಆಗ ಸಹಿಗೆ ತೊಡಕಾಗಬಹುದು. ನಾಗಪುರದವನ ನಂಬರನ್ನು ಲಿಂಗಪ್ಪ ಫೋನಿನಲ್ಲಿ ಸೇವ್ ಮಾಡಿಟ್ಟುಕೊಂಡಿದ್ದಾನೆ. ಅವನಿಗೆ ಈಗಲೇ ಎಲ್ಲ ಹೇಳಿಯೂ ಇಟ್ಟಿದ್ದಾನೆ. ಹೇಳುವಾಗ ಅಣ್ಣ ಎಂದು ಹೇಳಲಿಲ್ಲ. ಅದನ್ನು ನಾನು ಪಕ್ಕದ ಕೋಣೆಯಿಂದ ಕಿವಿಯಾರೆ ಕೇಳಿದೆ, ಅದೇ ದಿನ ತಾರೀಖಿನ ಸಮೇತ ಬರೆದಿಟ್ಟೆ.